ಸವೆದಷ್ಟೂ ಹದ

ಅಹಮದಾಬಾದಿನ ವಟ್ವಾದ ಬಯಲಿನಲ್ಲಿ, ತಟ್ಟೆಯಂಥ ಡಿಸ್ಕನ್ನು ಗುರಿಗೆ ಎಸೆಯುವ ಡಿಸ್ಕ್ ಗಾಲ್ಫಿನ ಸರಪಳಿ ಬುಟ್ಟಿ ಇಲ್ಲ. ಒಂದು ಬೇವಿನ ಮರವಿದೆ, ಅದರ ಬೊಡ್ಡೆಯೇ ನಮ್ಮ ಗುರಿ. ಇದೇನೂ ದೊಡ್ಡ ಕೊರತೆಯಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಡ್ ಹೆಡ್ರಿಕ್ ಕಂಬಕ್ಕೆ ಸರಪಳಿ ಇಳಿಬಿಟ್ಟು ಬುಟ್ಟಿ ಕಟ್ಟುವ ತನಕ ಅಲ್ಲಿಯವರೂ ಮರಕ್ಕೋ ದೀಪದ ಕಂಬಕ್ಕೋ ಗುರಿಯಿಟ್ಟು ಎಸೆದವರೇ.

ಹೊಸಬರ ಕೈ ಮೊದಲು ಹೋಗುವುದು ದೂರಕ್ಕೆ ಎಸೆಯುವ ಡ್ರೈವರ್ ಡಿಸ್ಕಿನ ಕಡೆಗೆ. ಅಂಚು ಚೂಪಾಗಿದೆ, ದೂರ ಹೋದೀತು ಎಂಬ ಆಸೆ. ತೋಳಿನಲ್ಲಿ ಅದಕ್ಕೆ ತಕ್ಕ ವೇಗ ಇಲ್ಲದಿದ್ದರೆ ಅದು ಬೇಗನೆ ಎಡಕ್ಕೆ ವಾಲಿ ನೆಲ ಕಚ್ಚುತ್ತದೆ. ತಪ್ಪು ಕೈಯದೋ ಡಿಸ್ಕಿನದೋ ತಿಳಿಯುವುದೇ ಇಲ್ಲ. ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ನಡುದೂರದ ಒಂದು ಮಿಡ್‌ರೇಂಜ್ ಸಾಕು. ಅದು ಕೈ ಮಾಡಿದ್ದನ್ನು ಹಾಗೇ ತೋರಿಸಿಬಿಡುತ್ತದೆ. ಬಿಡುವಾಗ ಮೂಗು, ಅಂದರೆ ಮುಂದಿನ ಅಂಚು, ಸ್ವಲ್ಪ ಮೇಲೆದ್ದಿತೋ, ಮುಂದೆ ಹೋಗಬೇಕಾದದ್ದು ಆಕಾಶಕ್ಕೆ ಏರಿ ನಿಂತು ಎಡಕ್ಕೆ ಜಾರುತ್ತದೆ. ಎದೆಯ ಮಟ್ಟದಲ್ಲಿ ನೇರ ಎಳೆದು, ಮೂಗು ತಗ್ಗಿಸಿ, ಕೊನೆಯ ಗಳಿಗೆಯಲ್ಲಿ ಬೆರಳು ಬಿಗಿದರೆ ಹಳಿ ಹಾಕಿದ ಹಾಗೆ ಹೋಗುತ್ತದೆ.

ಈ ಎಡಕ್ಕೆ ವಾಲುವ ಗುಟ್ಟು ಬುಗುರಿ ಆಡಿಸಿದವರಿಗೆ ಬೇಗ ಹತ್ತುತ್ತದೆ. ವಾಲಿದ ಬುಗುರಿ ಬೀಳಬೇಕಾದ ಕಡೆ ಬೀಳದೆ ಪಕ್ಕಕ್ಕೆ ಸುತ್ತು ಹಾಕುತ್ತದಲ್ಲ? ಬಲಗೈಯವರು ಎದೆಗೆ ಅಡ್ಡವಾಗಿ ಎಳೆದು ಎಸೆದ ಡಿಸ್ಕೂ ಹಾಗೆಯೇ. ಮುಂದಿನ ವೇಗ ಇಳಿಯುತ್ತ ಬಂದಂತೆ ಗಾಳಿ ಅದರ ಮೂಗನ್ನು ಎತ್ತಲು ನೋಡುತ್ತದೆ. ತಿರುಗುವ ಡಿಸ್ಕು ಮೇಲೇಳುವ ಬದಲು ಎಡಕ್ಕೆ ವಾಲುತ್ತದೆ.

ಯಾವುದನ್ನು ಕೊಳ್ಳುವುದು? ಡಿಸ್ಕಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ: ವೇಗ, ತೇಲು, ಆರಂಭದ ಹೊರಳು, ಕೊನೆಯ ವಾಲು. ಇನ್ನೋವಾ ಕಂಪನಿಯ ಮಿಡ್‌ರೇಂಜ್ ಡಿಸ್ಕಾದ ರಾಕ್‌ಗೆ 4, 4, 0, 3. ಡಿಸ್ಕ್‌ಕ್ರಾಫ್ಟಿನ ಬಜ್‌ಗೆ 5, 4, -1, 1. ನೇರ ಹೋಗಬೇಕಾದರೆ ಬಜ್ ಸರಿ. ತೂಕಕ್ಕೂ ಕಟ್ಟಳೆಯಿದೆ: ವ್ಯಾಸದ ಒಂದೊಂದು ಸೆಂ.ಮೀ.ಗೆ 8.3 ಗ್ರಾಂ ಮೀರಬಾರದು. 21.7 ಸೆಂ.ಮೀ. ಅಗಲದ ಮಿಡ್‌ರೇಂಜ್ 180 ಗ್ರಾಂ ತನಕ ತೂಗಬಹುದು. ಗಾಳಿಯ ಊರಿಗೆ ಭಾರದ್ದೇ ವಾಸಿ.

ಆದರೂ ನನ್ನ ಮನಸ್ಸು ರಾಕ್ ಕಡೆಗೇ. ಅಗ್ಗದ ಪ್ಲಾಸ್ಟಿಕ್ಕಿನ ರಾಕ್ ಸವೆಯುವ ಚೆಂದವೇ ಬೇರೆ. ಹೊಸದು ಎಡಕ್ಕೆ ಮೊಂಡಾಗಿ ತಿರುಗುತ್ತದೆ. ಬೇವಿನ ತೊಗಟೆಗೆ ಬಡಿದು, ಕಲ್ಲಿಗೆ ತಾಗಿ, ಅಂಚಿನಲ್ಲಿ ಉಗುರಿಗೆ ಸಿಗುವಂಥ ಕಚ್ಚುಗಳು ಮೂಡಿದ ಮೇಲೆ ಅದೇ ಡಿಸ್ಕು ನೇರಕ್ಕೆ ಬರುತ್ತದೆ. ಇನ್ನೂ ಸವೆದರೆ ಬಲಕ್ಕೆ ಹೊರಳುವುದನ್ನು ಕಲಿಯುತ್ತದೆ. ಪಳಗಿದ ಆಟಗಾರರು ಮೂರ್ನಾಲ್ಕು ರಾಕ್ ಇಟ್ಟುಕೊಳ್ಳುವುದು ಇದಕ್ಕೇ. ಅಚ್ಚು ಒಂದೇ, ವಯಸ್ಸು ಬೇರೆ ಬೇರೆ. ಪಾಲಿಯುರೆಥೇನಿನ ದುಬಾರಿ ಡಿಸ್ಕು ಗಟ್ಟಿ, ನಿಜ. ಆದರೆ ಕಲಿಯುವವರಿಗೆ ಈ ಬದಲಾವಣೆಯನ್ನು ಅಷ್ಟು ಬೇಗ ತೋರಿಸುವುದಿಲ್ಲ. ಕಣ್ಣು ಸೋಲುವ ಕಡೆ ಬೆರಳು ಬೇಕು. ಡಿಸ್ಕಿನ ವಯಸ್ಸನ್ನು ನಾನು ಬೆರಳಿನಿಂದಲೇ ಓದುತ್ತೇನೆ.

ಬಿಸಿಲು ಕೂಡ ಆಯ್ಕೆ ಮಾಡುತ್ತದೆ. ಮೇ ತಿಂಗಳ ಸುಡುಬಿಸಿಲಿಗೆ ಡಿಸ್ಕು ಮೆತ್ತಗಾಗುತ್ತದೆ, ಕಾರಿನಲ್ಲಿ ಬಿಟ್ಟರೆ ಬಾಗಿಬಿಡುತ್ತದೆ. ಚಳಿಗಾಲದ ಬೆಳಗಿಗೆ ಅದೇ ಬಿರುಸು, ಬೆರಳಿಗೆ ಜಾರು.

ಗಾಳಿಯ ವಿಷಯದಲ್ಲಿ ಅಹಮದಾಬಾದಿನ ಮಕ್ಕಳಿಗಿಂತ ದೊಡ್ಡ ಗುರುಗಳಿಲ್ಲ. ಜನವರಿ 14ರ ಉತ್ತರಾಯಣಕ್ಕೆ ವಾರಗಳ ಮೊದಲೇ ಅವರು ಗಾಳಿಪಟ ಏರಿಸಿ ನಿಲ್ಲುತ್ತಾರೆ. ನೆಲದಲ್ಲಿ ಎಲೆ ಅಲುಗದಿದ್ದಾಗಲೂ ಮೇಲೆ ಗಾಳಿ ಎತ್ತ ಎಂದು ದಾರ ಹಿಡಿದ ಬೆರಳಿಗೆ ಗೊತ್ತು. ಹಬ್ಬದ ದಿನಗಳಲ್ಲಿ ಚೂಪಾದ ಮಾಂಜಾ ದಾರ ಎಲ್ಲೆಂದರಲ್ಲಿ ತೂಗುವುದರಿಂದ ನಾವು ಎಸೆಯುವುದಿಲ್ಲ. ಉಳಿದ ದಿನ ಅವರನ್ನು ಕೇಳಿಯೇ ಡಿಸ್ಕು ಆರಿಸುವುದು. ಎದುರುಗಾಳಿಗೆ ಸವೆದ ರಾಕ್ ಬಲಕ್ಕೆ ಮಗುಚಿಕೊಳ್ಳುತ್ತದೆ, ಆಗ ಮೊಂಡು ಹೊಸದನ್ನೇ ತೆಗೆಯಬೇಕು. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಹಳೆಯದೇ ಸರಿ. ಬೊಡ್ಡೆಯ ನಡುಮಧ್ಯಕ್ಕೆ ಗುರಿಯಿಟ್ಟು, ಅರ್ಧ ಬಲದಲ್ಲಿ ಎಸೆದರೂ ತಲುಪುತ್ತದೆ.