ಹಾನಗಲ್ಲಿನ ಬಾನಿನಲ್ಲಿ ಒಂದು ಚಾಂದ್ರಮಾಸ

ಚಂದ್ರನು ಯಾವಾಗ ಮೂಡುತ್ತಾನೆಂದು ಏಳನೆಯ ತರಗತಿಯ ಮಕ್ಕಳನ್ನು ಕೇಳಿದರೆ ‘ಸಂಜೆಗೆ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಹಿರಿಯರಲ್ಲಿಯೂ ಹಲವರು ಇದನ್ನೇ ಹೇಳಿಯಾರು. ಚಂದ್ರಕಲೆಗಳ ಚಿತ್ರವನ್ನು ಮಕ್ಕಳು ಅಂದವಾಗಿ ಬರೆಯಬಲ್ಲರು. ಆದರೆ ಕಲೆಗೂ ಹೊತ್ತಿಗೂ ಇರುವ ನಂಟು ಆ ಚಿತ್ರದಲ್ಲಿ ಇರುವುದಿಲ್ಲ. ಅಕ್ಷರವರಿಯದ ಅಜ್ಜನಿಗೆ ಕರತಲಾಮಲಕವಾಗಿದ್ದ ತಿಳಿವು ಪದವೀಧರನಾದ ಮೊಮ್ಮಗನ ಕೈಯಿಂದ ಜಾರುತ್ತಿರುವುದು ವಿದ್ಯಾಸಂಸ್ಥೆಗಳು ಯೋಚಿಸಬೇಕಾದ ಸಂಗತಿ.

ಇದನ್ನು ಮರಳಿ ಪಡೆಯಲು ದುರ್ಬೀನು ಬೇಕಿಲ್ಲ. ಹಾನಗಲ್ಲಿನ ಆನೆಕೆರೆಯ ದಂಡೆಯಂತಹ ತೆರೆದ ಜಾಗ, ಒಂದು ಗಡಿಯಾರ, ಒಂದು ವಹಿ ಮತ್ತು ಒಂದು ತಿಂಗಳ ತಾಳ್ಮೆ ಇದ್ದರೆ ಸಾಕು. ಮಲೆನಾಡಿನ ಸೆರಗಿನಲ್ಲಿರುವ ಈ ಊರಿನಲ್ಲಿ ಆಷಾಢ ಶ್ರಾವಣಗಳ ಮುಗಿಲು ಚಂದ್ರನನ್ನು ದಿನಗಟ್ಟಲೆ ಮರೆಮಾಡುವುದರಿಂದ ಕಾರ್ತಿಕದಿಂದ ಚೈತ್ರದವರೆಗಿನ ಯಾವುದಾದರೊಂದು ಮಾಸವನ್ನು ಆರಿಸಿಕೊಳ್ಳುವುದು ಲೇಸು.

ಅಮಾವಾಸ್ಯೆಯಂದು ಚಂದ್ರನು ಸೂರ್ಯನೊಡನೆಯೇ ಮೂಡಿ ಸೂರ್ಯನೊಡನೆಯೇ ಮುಳುಗುತ್ತಾನೆ; ಆದುದರಿಂದ ಕಾಣನು. ಬಿದಿಗೆಯ ಸಂಜೆ ಪಡುವಣದಲ್ಲಿ ಬೆಳ್ಳಿಯ ಎಳೆಯಂತೆ ತೋರಿ, ಒಂದು ಒಂದೂವರೆ ಗಂಟೆಯಲ್ಲಿ ತಾನೂ ಇಳಿದುಹೋಗುತ್ತಾನೆ. ಯುಗಾದಿಯ ಮರುಸಂಜೆ ಜನರು ಕೈಮುಗಿಯುವುದು ಈ ಎಳೆಯ ಚಂದ್ರನಿಗೆ. ನವಾಬರು ಆಳಿದ ಸವಣೂರಿನಲ್ಲಿ ರಮಜಾನ್ ಮುಗಿಯಿತೆಂದು ಸಾರುವವನೂ ಈ ಎಳೆಯ ಚಂದ್ರನೇ. ಹಾನಗಲ್ಲಿನ ಅಕ್ಷಾಂಶ ಸುಮಾರು 14¾ ಡಿಗ್ರಿ. ಯುಗಾದಿಯ ಸುಮಾರಿಗೆ ಇಲ್ಲಿ ಚಂದ್ರರೇಖೆಯ ಎರಡು ಕೋಡುಗಳೂ ಬಹುಮಟ್ಟಿಗೆ ಸಮನಾಗಿ ಮೇಲ್ಮೊಗವಾಗಿ, ದೋಣಿಯಂತೆ ತೋರುತ್ತವೆ. ನಮ್ಮ ನಾಡಿನ ಶಿಲ್ಪಿಗಳು ಶಿವನ ಜಟೆಯಲ್ಲಿ ಇರಿಸಿದ ಚಂದ್ರ ಇಂತಹವನು. ಪಕ್ಕಕ್ಕೆ ವಾಲಿ ನಿಂತ ಚಂದ್ರನ ಚಿತ್ರಗಳು ಬಹುಶಃ ಬಡಗಣ ದೇಶಗಳ ಪುಸ್ತಕಗಳಿಂದ ಇಲ್ಲಿಗೆ ಬಂದವು.

ಚಂದ್ರನು ದಿನಕ್ಕೆ ಸುಮಾರು 50 ನಿಮಿಷ ತಡಮಾಡುತ್ತಾನೆ. ಭೂಮಿ ಒಂದು ಸುತ್ತು ತಿರುಗಿ ಮುಗಿಸುವಷ್ಟರಲ್ಲಿ ಅವನು ತನ್ನ ದಾರಿಯಲ್ಲಿ ಸುಮಾರು 13 ಡಿಗ್ರಿ ಮುಂದೆ ಸರಿದಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು. ಈ ತಡ ಕೂಡಿ ಕೂಡಿ ಶುದ್ಧ ಅಷ್ಟಮಿಯ ವೇಳೆಗೆ ಅವನು ಮಧ್ಯಾಹ್ನ ಮೂಡಿ, ಸೂರ್ಯ ಮುಳುಗುವಾಗ ನಡುಬಾನಿನಲ್ಲಿದ್ದು, ನಡುರಾತ್ರಿಗೆ ಮುಳುಗುತ್ತಾನೆ. 2023ರ ಆಗಸ್ಟ್ 23ರಂದು, ನಿಜ ಶ್ರಾವಣ ಶುದ್ಧ ಸಪ್ತಮಿಯ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ದಕ್ಷಿಣ ಭಾಗದಲ್ಲಿ ಇಳಿಯಿತು. ಆ ತಿಥಿ ಆಕಸ್ಮಿಕವಲ್ಲ: ಇಳಿದ ತಾಣದಲ್ಲಿ ಆಗತಾನೆ ಬೆಳಗಾಗಿತ್ತು, ಮುಂದಿನ ಹದಿನಾಲ್ಕು ದಿನಗಳ ಬಿಸಿಲು ಯಂತ್ರಕ್ಕೆ ಬೇಕಾಗಿತ್ತು. ಲಕ್ಷಾಂತರ ಮಕ್ಕಳು ಅದನ್ನು ಪರದೆಯ ಮೇಲೆ ನೋಡಿದರು. ಅದೇ ಗಳಿಗೆಯಲ್ಲಿ ಆ ಅರೆಚಂದ್ರ ನಮ್ಮ ಬಾನಿನಲ್ಲಿಯೇ ಇದ್ದನು. ಮೋಡವಿಲ್ಲದ ಕಡೆ ಹೊರಗೆ ಬಂದು ತಲೆಯೆತ್ತಿದವರು ಎಷ್ಟು ಮಂದಿಯೋ!

ಇಲ್ಲಿ ಗಡಿಯಾರದ ಮಾತು ಬರುತ್ತದೆ. ಭಾರತದ ಗಡಿಯಾರ ನಡೆಯುವುದು 82½ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಾನಗಲ್ಲು 75 ಡಿಗ್ರಿಯಿಂದ ತುಸು ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆಯ ಅಂತರ. ಹೀಗಾಗಿ ಈ ಊರಿನ ನಿಜವಾದ ನಡುಹಗಲು ಗಡಿಯಾರದ ಹನ್ನೆರಡೂವರೆಯ ಸುಮಾರಿಗೆ. ಬೆಂಗಳೂರಿಗಾಗಿ ಮುದ್ರಿಸಿದ ಕ್ಯಾಲೆಂಡರಿನ ಚಂದ್ರೋದಯಕ್ಕೂ ಇಲ್ಲಿಯ ಚಂದ್ರೋದಯಕ್ಕೂ ಸುಮಾರು 10 ನಿಮಿಷದ ವ್ಯತ್ಯಾಸವುಂಟು. ಊರಿನ ಹೊತ್ತನ್ನು ಊರಿನ ಬಾನಿನಲ್ಲಿಯೇ ಓದಬೇಕು.

ಹುಣ್ಣಿಮೆಯಂದು ಮಾತ್ರ ಮಕ್ಕಳ ಉತ್ತರ ಸರಿಯಾಗುತ್ತದೆ. ಅತ್ತ ಸೂರ್ಯ ಇಳಿದಂತೆ ಇತ್ತ ಮೂಡಲಲ್ಲಿ ಚಂದ್ರ. ಆದರೂ ಎಲ್ಲ ಹುಣ್ಣಿಮೆಗಳೂ ಒಂದೇ ಅಲ್ಲ. ಕಾರಹುಣ್ಣಿಮೆಯ ಚಂದ್ರ ದಕ್ಷಿಣಕ್ಕೆ ಸರಿದು ಮೂಡಿ, ತಗ್ಗಿನಲ್ಲಿಯೇ ಸಾಗುತ್ತಾನೆ; ಚಳಿಗಾಲದ ಮಾರ್ಗಶಿರ ಹುಣ್ಣಿಮೆಯವನು ಉತ್ತರಕ್ಕೆ ಸರಿದು ಮೂಡಿ, ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಚಂದ್ರನ ಏರಿಳಿತಕ್ಕೂ ಕಡಲಿನ ಏರಿಳಿತಕ್ಕೂ ಇರುವ ಸಂಬಂಧವನ್ನು ಬಸವಣ್ಣನವರು ವಚನವೊಂದರಲ್ಲಿ ದೃಷ್ಟಾಂತವಾಗಿ ಬಳಸಿದ್ದಾರೆ. ಕಡಲು ಹಾನಗಲ್ಲಿಗೆ ಘಟ್ಟದ ಆಚೆ. ಆನೆಕೆರೆಯ ನೀರಿಗೆ ಆ ಉಬ್ಬರದ ಅರಿವಿಲ್ಲ.

ಗ್ರಹಣವೂ ಹುಣ್ಣಿಮೆಯ ರಾತ್ರಿಯದೇ. ಚಂದ್ರನ ದಾರಿ 5 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಅದು ಒದಗುವುದಿಲ್ಲ. ಪಾನುಂಗಲ್ಲೆಂದು ಹೆಸರಾಗಿ ಕದಂಬರ ಶಾಖೆಯೊಂದರ ರಾಜಧಾನಿಯಾಗಿದ್ದ ಈ ಸೀಮೆಯಲ್ಲಿ, ಕನ್ನಡ ನಾಡಿನ ಉಳಿದೆಡೆಯಂತೆಯೇ, ಭೂದಾನ ಮಾಡಿದವರು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕಲ್ಲಿನಲ್ಲಿ ಕೊರೆಸಿದರು; ಗ್ರಹಣ ಸಂಕ್ರಮಣಗಳಂತಹ ಪರ್ವಗಳನ್ನು ದಾನಕ್ಕೆ ಆರಿಸಿಕೊಂಡರು. ಚಂದ್ರಸೂರ್ಯರಿರುವವರೆಗೆ ದತ್ತಿ ನಡೆಯಲೆಂದು ಶಾಸನದ ನೆತ್ತಿಯಲ್ಲಿ ಅವರಿಬ್ಬರನ್ನೂ ಕೆತ್ತಿಸಿದರು. ಇಂದಿನ ದತ್ತಿಗೆ ಬ್ಯಾಂಕಿನ ರಶೀದಿಯೇ ಸಾಕ್ಷಿ. ಆದರೆ ಆ ಹಳೆಯ ಸಾಕ್ಷಿಯ ಪ್ರಯೋಜನವಿನ್ನೂ ತೀರಿಲ್ಲ. ತಿಥಿಯೂ ವಾರವೂ ಲೆಕ್ಕಕ್ಕೆ ಕೂಡಿಬರುತ್ತವೆಯೇ ಎಂದು ನೋಡಿ ವಿದ್ವಾಂಸರು ಶಾಸನದ ಕಾಲವನ್ನು ಇಂದಿಗೂ ಪರೀಕ್ಷಿಸುತ್ತಾರೆ. ಎಂಟುನೂರು ವರ್ಷಗಳ ಹಿಂದಿನ ಲಿಪಿಕಾರ ತಪ್ಪಿದನೋ ಇಲ್ಲವೋ ಎಂಬುದನ್ನು ಚಂದ್ರನೇ ಹೇಳುತ್ತಾನೆ.

ಕೃಷ್ಣಪಕ್ಷವನ್ನು ಕೇಳುವವರೇ ಕಡಿಮೆ. ಸಂಕಷ್ಟಿಯ ವ್ರತವಿರುವ ಮನೆಗಳಲ್ಲಿ ಮಾತ್ರ ಚೌತಿಯ ಚಂದ್ರೋದಯಕ್ಕಾಗಿ ಒಂಬತ್ತರ ಸುಮಾರಿಗೆ ಕಾಯುತ್ತಾರೆ. ಅಲ್ಲಿಂದ ಮುಂದೆ ಚಂದ್ರನು ಊರು ಮಲಗಿದ ಮೇಲೆ ಬಂದು, ಬೆಳಗಿನ ಹೊತ್ತಿನಲ್ಲಿ ಪಡುವಣ ಬಾನಿನಲ್ಲಿ ಮಂಕಾಗಿ ಉಳಿದಿರುತ್ತಾನೆ. ಶಾಲೆಯ ಪ್ರಾರ್ಥನೆಗೆ ಸಾಲುಗಟ್ಟಿ ನಿಂತ ಮಕ್ಕಳ ತಲೆಯ ಮೇಲೆಯೇ ಅವನಿದ್ದರೂ ಹಗಲಿನ ಚಂದ್ರನನ್ನು ಯಾರೂ ಚಂದ್ರನೆಂದು ಎಣಿಸುವುದಿಲ್ಲ. ಚತುರ್ದಶಿಯ ನಸುಕಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋದವರಿಗಷ್ಟೇ ಅವನ ಕೊನೆಯ ಗೆರೆ ಮೂಡಲಲ್ಲಿ ಸಿಕ್ಕೀತು.

ವಹಿಯಲ್ಲಿ ದಿನಾಂಕದ ಮುಂದೆ ಉದಯಕಾಲವನ್ನು ಬರೆಯುತ್ತ ಬಂದ ವಿದ್ಯಾರ್ಥಿಗೆ ಬಹುಳ ಅಷ್ಟಮಿಯ ಸುಮಾರಿಗೆ ಒಂದು ಗೊಂದಲ ಎದುರಾಗುತ್ತದೆ. ಒಂದು ದಿನ ರಾತ್ರಿ 11 ಗಂಟೆ 50 ನಿಮಿಷಕ್ಕೆ ಮೂಡಿದವನು ಮುಂದಿನ ಸಲ ಮೂಡುವಾಗ ಸುಮಾರು 12 ಗಂಟೆ 40 ನಿಮಿಷ. ಅಷ್ಟರಲ್ಲಿ ಗಡಿಯಾರ ಎರಡು ಸಲ ನಡುರಾತ್ರಿಯನ್ನು ದಾಟಿರುತ್ತದೆ. ನಡುವಿನ ತಾರೀಖಿಗೆ ಚಂದ್ರೋದಯವೇ ಇಲ್ಲ. ಇಪ್ಪತ್ತೊಂಬತ್ತೂವರೆ ದಿನಗಳ ಮಾಸದಲ್ಲಿ ಚಂದ್ರನು ಮೂಡುವ ಲೆಕ್ಕ ಇಪ್ಪತ್ತೆಂಟೂವರೆ ಮಾತ್ರ. ತಾನು ನಿದ್ದೆಹೋದೆನೆಂದು ವಿದ್ಯಾರ್ಥಿ ಅಳುಕಬೇಕಿಲ್ಲ, ಗುರುಗಳೂ ಅವನನ್ನು ಗದರಿಸಬೇಕಿಲ್ಲ. ಆ ಸಾಲು ಖಾಲಿಯಾಗಿಯೇ ಇರತಕ್ಕದ್ದು.