ಆಕಾಶದ ಊಟಕ್ಕೆ ಮೂರು ಚಮಚ

ನಮ್ಮ ಮನೆಯ ಕಾಫಿಪುಡಿ ಡಬ್ಬಿಯಲ್ಲಿ ಒಂದು ಸ್ಟೀಲು ಚಮಚ ಇದೆ. ಉಳಿದ ಚಮಚಗಳಿಗಿಂತ ಗಿಡ್ಡ, ಆದರೆ ತೂಕ ಜಾಸ್ತಿ. ಹಿಡಿಯ ತುದಿಯಲ್ಲಿ ಒಂದು ವಿಮಾನ ಸಂಸ್ಥೆಯ ಗುರುತು ಕೊರೆದಿದೆ. ಮನೆಗೆ ಬಂದ ನೆಂಟರು ಅದನ್ನು ತಿರುಗಿಸಿ ನೋಡಿ, "ಏನ್ರೀ, ವಿಮಾನದಲ್ಲಿ ಹೊಡ್ಕೊಂಡು ಬಂದ್ರಾ?" ಎಂದು ನಗುವುದುಂಟು. ಅಲ್ಲ ಎಂದು ಹೇಳಲು ಹೊರಟರೆ ಕಥೆ ಮುಂಬಯಿಯಿಂದ ನ್ಯೂಜೆರ್ಸಿಯವರೆಗೆ ಎಳೆಯುತ್ತದೆ.

1996ರಲ್ಲಿ ಅಕ್ಕನ ಚೊಚ್ಚಲ ಬಾಣಂತನಕ್ಕೆಂದು ಅಮ್ಮ ಅಮೆರಿಕಕ್ಕೆ ಹೊರಟಳು. ಜೊತೆಗೆ ನಾನು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ಅಮ್ಮ ಅಲ್ಲಿಯತನಕ ವಿಮಾನ ಕಂಡದ್ದು ಅಂಗಳದಲ್ಲಿ ನಿಂತು ತಲೆಯೆತ್ತಿದಾಗ ಮಾತ್ರ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋಗಿ, ಸಹಾರ್ ನಿಲ್ದಾಣದಲ್ಲಿ ನಡುರಾತ್ರಿಯ ವಿಮಾನ ಹಿಡಿದೆವು. ಫ್ರಾಂಕ್‌ಫರ್ಟಿನಲ್ಲಿ ಇಳಿದು ಇನ್ನೊಂದು ವಿಮಾನ, ಅಲ್ಲಿಂದ ನೆವಾರ್ಕ್. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಹಪ್ಪಳ. ಕೈಚೀಲದಲ್ಲಿ ಅಮ್ಮನ ಅಡಿಕೆ ಸಂಚಿ, ಅದರೊಳಗೆ ತವರಿನಿಂದ ಬಂದ ಹಿತ್ತಾಳೆ ಹಿಡಿಯ ಅಡಕತ್ತರಿ. ತಪಾಸಣೆಯವನು ಅದನ್ನು ಒಮ್ಮೆ ಆಡಿಸಿ ನೋಡಿ, ನಕ್ಕು, ಹಿಂದಿರುಗಿಸಿದ. ಕಾಲ ಹಾಗಿತ್ತು. ಆಗ ಅಮೆರಿಕದ ನಿಯಮವೇ ನಾಲ್ಕು ಇಂಚಿಗಿಂತ ಗಿಡ್ಡ ಅಲಗಿನ ಚಾಕುವನ್ನು ಪ್ರಯಾಣಿಕರು ಜೊತೆಗೆ ಒಯ್ಯಲು ಬಿಡುತ್ತಿತ್ತು.

ವಿಮಾನ ಏರಿದ ಒಂದು ಗಂಟೆಗೆ ಊಟ ಬಂತು. ಟ್ರೇ ಮೇಲೆ ಕಾಗದದ ಕರವಸ್ತ್ರದಲ್ಲಿ ಸುತ್ತಿದ ಸ್ಟೀಲಿನ ಚಾಕು, ಮುಳ್ಳು ಚಮಚ, ಒಂದು ದೊಡ್ಡ ಚಮಚ, ಒಂದು ಸಣ್ಣ ಚಮಚ. ಅಮ್ಮ ಬಿಚ್ಚಿ ನೋಡಿ, "ಇದು ಊಟಕ್ಕೋ ಆಪರೇಷನ್ನಿಗೋ?" ಎಂದಳು. ಎಲ್ಲವನ್ನೂ ಬದಿಗೆ ಸರಿಸಿ, ಅನ್ನವನ್ನು ಕೈಯಲ್ಲೇ ಕಲಸಿದಳು. ಸಣ್ಣ ಚಮಚ ಬಳಕೆಯಾದದ್ದು ಕೊನೆಯಲ್ಲಿ ಮೊಸರಿಗೆ ಮಾತ್ರ. ಉಳಿದ ಬನ್ನನ್ನು ಬಿಸಾಡಲು ಮನಸ್ಸಾಗದೆ ಅದೇ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ನೆವಾರ್ಕಿನಲ್ಲಿ ಇಳಿದು ಹೊರಬಂದಾಗ ದೂರದಲ್ಲಿ, ನದಿಯ ಆಚೆ, ನ್ಯೂಯಾರ್ಕಿನ ಜೋಡಿ ಗೋಪುರಗಳು ಕಂಡವು. "ಎರಡು ಅಡಿಕೆ ಮರ ಒಟ್ಟಿಗೆ ನಿಂತ ಹಾಗಿದೆ ನೋಡೋ" ಎಂದಳು ಅಮ್ಮ. ಎಡಿಸನ್‌ನಲ್ಲಿ ಅಕ್ಕನ ಮನೆ ಸೇರಿ ಚೀಲ ಬಿಚ್ಚಿದರೆ, ಬನ್ನಿನ ಜೊತೆಗೆ ಆ ಸಣ್ಣ ಚಮಚವೂ ಹೊರಬಿತ್ತು.

ಅಮ್ಮನ ಮುಖ ನೋಡಬೇಕಿತ್ತು. ಪರರ ಮನೆಯಲ್ಲಿ ಉಂಡು ಅವರ ಚಮಚ ತಂದಂತಾಯಿತಲ್ಲ! ಅಕ್ಕ, ಭಾವ ಎಷ್ಟು ನಕ್ಕರೂ ಅವಳಿಗೆ ಸಮಾಧಾನವಿಲ್ಲ. ಹಿಂದಿರುಗುವಾಗ ಕೊಟ್ಟುಬಿಡುತ್ತೇನೆ ಎಂದಿದ್ದಳು. ಆದರೆ ಗಡಿಬಿಡಿಯಲ್ಲಿ ಅದು ಸೂಟ್‌ಕೇಸಿನ ತಳ ಸೇರಿ, ಸೂಟ್‌ಕೇಸು ವಿಮಾನದ ಹೊಟ್ಟೆ ಸೇರಿತು. ಊರಿಗೆ ಬಂದ ಮೇಲೆ ಅದನ್ನು ಬಳಸಲೂ ಇಲ್ಲ, ಬಿಸಾಡಲೂ ಇಲ್ಲ. ದೇವರ ಕೋಣೆಯ ಗೂಡಿನಲ್ಲಿ ಹಾಗೇ ಇಟ್ಟಳು.

ಚಮಚ ಜೇಬಿಗಿಳಿಸುವುದನ್ನು ವಿಮಾನ ಸಂಸ್ಥೆಗಳು ಅಷ್ಟೇನೂ ಗಂಭೀರವಾಗಿ ತೆಗೆದುಕೊಂಡವಲ್ಲ ಎಂದು ಆಮೇಲೆ ತಿಳಿಯಿತು. ವರ್ಜಿನ್ ಅಟ್ಲಾಂಟಿಕ್‌ನವರು ಪುಟ್ಟ ವಿಮಾನದ ಆಕಾರದ ಉಪ್ಪು-ಮೆಣಸಿನ ಡಬ್ಬಿಗಳಿಗೆ ರೈಟ್ ಸಹೋದರರ ನೆನಪಿಗೆ ವಿಲ್ಬರ್, ಆರ್ವಿಲ್ ಎಂದು ಹೆಸರಿಟ್ಟು, ತಳದಲ್ಲಿ 'ವರ್ಜಿನ್ ಅಟ್ಲಾಂಟಿಕ್‌ನಿಂದ ಕದ್ದದ್ದು' ಎಂದು ತಾವೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. 1976ರಲ್ಲಿ ಏರ್ ಫ್ರಾನ್ಸ್ ತನ್ನ ಕಾನ್‌ಕಾರ್ಡ್ ಸೇವೆ ಆರಂಭಿಸಿದಾಗ ಊಟದ ಚಾಕು-ಚಮಚದ ವಿನ್ಯಾಸಕ್ಕೆ ಹಿಡಿದದ್ದು ಶೆಲ್ ಕಂಪನಿಯ ಚಿಪ್ಪಿನ ಚಿಹ್ನೆಗೆ ಈಗಿನ ರೂಪ ಕೊಟ್ಟ ರೇಮಂಡ್ ಲೋವಿಯನ್ನು. ಅತಿಥಿಯ ಕೈಗೆ ಕೊಡುವ ವಸ್ತುವಿನಲ್ಲಿ ಮನೆಯವರ ಮರ್ಯಾದೆಯೂ ಇದೆ ಎಂಬ ಲೆಕ್ಕ ಅದು.

2001ರ ಸೆಪ್ಟೆಂಬರ್ 11ರಂದು ಆ ಲೆಕ್ಕ ತಲೆಕೆಳಗಾಯಿತು. ಅಂದು ಅಪಹರಿಸಲ್ಪಟ್ಟ ನಾಲ್ಕು ವಿಮಾನಗಳಲ್ಲಿ ಒಂದು, ಯುನೈಟೆಡ್ 93, ಹೊರಟದ್ದು ನಾವು ಇಳಿದಿದ್ದ ಅದೇ ನೆವಾರ್ಕಿನಿಂದ. ಸುಮಾರು ಮೂರು ಸಾವಿರ ಜನ ಸತ್ತರು. ಅಪಹರಣಕಾರರು ಬಳಸಿದ್ದು ಬಂದೂಕಲ್ಲ, ಗಿಡ್ಡ ಅಲಗಿನ ಚಾಕುಗಳು. ಕೆಲವೇ ದಿನಗಳಲ್ಲಿ ಅಮೆರಿಕದಲ್ಲಿ ಯಾವ ಅಳತೆಯ ಚಾಕುವನ್ನೂ ವಿಮಾನದೊಳಗೆ ಒಯ್ಯುವಂತಿಲ್ಲ ಎಂದಾಯಿತು. ಊಟದ ಟ್ರೇಯಿಂದಲೂ ಲೋಹದ ಚಾಕು ಮಾಯವಾಯಿತು. ಜಗತ್ತಿನ ಅನೇಕ ಸಂಸ್ಥೆಗಳು ಅದೇ ದಾರಿ ಹಿಡಿದವು.

ಅಕ್ಕನ ಎರಡನೆಯ ಬಾಣಂತನ ಬಂದದ್ದು 2002ರಲ್ಲಿ. ಈ ಸಲ ಅಮ್ಮ ಚಮಚವನ್ನು ಮರೆಯಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಳು. ಮರೆತದ್ದು ಸಂಚಿಯಲ್ಲಿದ್ದ ಅಡಕತ್ತರಿಯನ್ನು. ದಾರಿಯ ಒಂದು ನಿಲ್ದಾಣದಲ್ಲಿ ಅದು ಎಕ್ಸ್‌ರೇಯಲ್ಲಿ ಕಂಡಿತು. ನಾನು ಕೈಯಾಡಿಸಿ ಅಡಿಕೆ ಕತ್ತರಿಸುವ ಅಭಿನಯ ಮಾಡಿ ತೋರಿಸಿದೆ; ಅದು ಇನ್ನಷ್ಟು ಕೆಟ್ಟದಾಗಿ ಕಂಡಿರಬೇಕು. ನೇಲ್‌ಕಟರ್, ಹೊಲಿಗೆಯ ಕತ್ತರಿಗಳು ತುಂಬಿದ್ದ ಡಬ್ಬಕ್ಕೆ ನಮ್ಮಜ್ಜಿಯ ಅಡಕತ್ತರಿ ಠಣ್ಣೆಂದು ಬಿತ್ತು. ಚಮಚವನ್ನು ಮಾತ್ರ ತಿರುಗಿಸಿ ನೋಡಿ ಬಿಟ್ಟರು.

ಮೊದಲ ವಿಮಾನದ ಊಟದಲ್ಲಿ ಎಲ್ಲವೂ ಬಿಳಿ ಪ್ಲಾಸ್ಟಿಕ್. ಚಾಕು ಬನ್ನಿನ ಮೇಲೆ ಬಾಗಿತು. ಎರಡನೆಯದರಲ್ಲಿ ಇನ್ನೂ ವಿಚಿತ್ರ: ಚಾಕು ಪ್ಲಾಸ್ಟಿಕ್ಕಿನದು, ಮುಳ್ಳು ಚಮಚ ಸ್ಟೀಲಿನದು. ಅಮ್ಮ ನಾಲ್ಕು ಮುಳ್ಳುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ, "ಇದರಲ್ಲಿ ಚುಚ್ಚಬಹುದು, ಅದರಲ್ಲಿ ಬೆಣ್ಣೆ ಹಚ್ಚಬಾರದಾ?" ಎಂದಳು. ಆ ಕಾಲದಲ್ಲಿ ಎಷ್ಟೋ ಪ್ರಯಾಣಿಕರು ಕೇಳಿದ ಪ್ರಶ್ನೆ ಅದು.

ಊಟ ಮುಗಿದ ಮೇಲೆ ಅಮ್ಮ ಗಂಟು ಬಿಚ್ಚಿ ಚಮಚ ತೆಗೆದಳು. ಗಗನಸಖಿಗೆ ನಾನು ಎಲ್ಲವನ್ನೂ ವಿವರಿಸಿದೆ. ಆಕೆ ಅದನ್ನು ಕೈಗೆ ತೆಗೆದುಕೊಂಡು, ತುದಿಯ ಗುರುತು ನೋಡಿ, ಹಿರಿಯಳೊಬ್ಬಳನ್ನು ಕರೆದುಕೊಂಡು ಬಂದಳು. ಹಿರಿಯಳು ಅಮ್ಮನ ಪಕ್ಕ ಮಂಡಿಯೂರಿ ಕೂತು ಹೇಳಿದ್ದಿಷ್ಟು: ಈ ತರಗತಿಯಲ್ಲಿ ಈ ಚಮಚ ಈಗ ಇಲ್ಲ, ಇದನ್ನು ಇಡಲು ನಮ್ಮಲ್ಲಿ ಜಾಗವೇ ಇಲ್ಲ, ನಿಮ್ಮ ತಾಯಿಯವರೇ ಇಟ್ಟುಕೊಳ್ಳಲಿ. ಆಕೆಯ ಕಣ್ಣು ತೇವವಾಗಿತ್ತು. ಅವಳ ಜೊತೆಗಾರರ ಬದುಕಿನಲ್ಲಿ ಆ ವರ್ಷ ಏನೇನು ಆಗಿತ್ತೋ, ನಾವು ಕೇಳಲಿಲ್ಲ.

ನೆವಾರ್ಕಿನಲ್ಲಿ ಹೊರಬಂದು ಅಮ್ಮ ಅದೇ ದಿಕ್ಕಿಗೆ ನೋಡುತ್ತಾ ನಿಂತಳು. ಟಿ.ವಿ.ಯಲ್ಲಿ ಎಲ್ಲ ನೋಡಿದ್ದವಳೇ. ಆದರೂ ಬರಿಯ ಆಕಾಶವನ್ನು ಕಣ್ಣಾರೆ ಕಾಣುವುದೇ ಬೇರೆ. ಕಾರಿನಲ್ಲಿ ಕೂತ ಮೇಲೆ, "ಅಷ್ಟು ಜನ ಹೋದ ಮೇಲೆ ನನ್ನ ಅಡಕತ್ತರಿ ಯಾವ ಲೆಕ್ಕ, ಹೋಗಲಿ ಬಿಡು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರೂ ಊಟಕ್ಕೆ ಕೂರಿಸಿದವರು ಉಣ್ಣುವವರ ಕೈ ನೋಡಿ ಹೆದರೋ ಹಾಗಾಗಬಾರದಿತ್ತು ಕಣೋ" ಎಂದಳು. ಆ ನಿಲ್ದಾಣಕ್ಕೆ ಅದೇ ವರ್ಷ ನೆವಾರ್ಕ್ ಲಿಬರ್ಟಿ ಎಂದು ಹೊಸ ಹೆಸರಿಟ್ಟರು. ಲಿಬರ್ಟಿ ಎಂದರೆ ಸ್ವಾತಂತ್ರ್ಯ.

ಹೆದರಿಕೆಯಿಂದ ಬಂದ ಪ್ಲಾಸ್ಟಿಕ್ ಹೆದರಿಕೆ ಕಡಿಮೆಯಾದ ಮೇಲೆ ಹೋಗಬೇಕಿತ್ತು. ಹೋಗಲಿಲ್ಲ. ಮುನ್ನೂರು ಜನರ ವಿಮಾನದಲ್ಲಿ ಎರಡು ಊಟ, ತಲೆಗೆ ಮೂರರಂತೆ ಚಾಕು-ಚಮಚ ಎಂದರೆ ಒಂದೇ ಪ್ರಯಾಣಕ್ಕೆ ಸಾವಿರದ ಎಂಟುನೂರು ತುಂಡು. ಸ್ಟೀಲಾದರೆ ಅಷ್ಟನ್ನೂ ಹೊರಬೇಕು, ತೊಳೆಯಬೇಕು, ಎಣಿಸಬೇಕು, ಮತ್ತೆ ಸುತ್ತಿಡಬೇಕು. ವಿಮಾನದಲ್ಲಿ ತೂಕವೆಂದರೆ ಇಂಧನ, ಇಂಧನವೆಂದರೆ ಹಣ. ಪ್ಲಾಸ್ಟಿಕ್ಕಾದರೆ ಹಗುರ, ಉಂಡೆಸೆದರೆ ಮುಗಿಯಿತು. ಕಾಲಕ್ರಮೇಣ ಮುಂದಿನ ಪರದೆಯ ಆಚೆ, ದುಬಾರಿ ಟಿಕೆಟಿನವರಿಗೆ ಸ್ಟೀಲಿನ ಚಾಕು ಹಿಂದಿರುಗಿತು. ಕೆಲವು ಸಂಸ್ಥೆಗಳು ಹಿಂದಿನ ಸಾಲುಗಳಿಗೂ ಸ್ಟೀಲು ಕೊಟ್ಟವು. ಅನೇಕ ಸಂಸ್ಥೆಗಳು ಕೊಡಲಿಲ್ಲ. ನಂಬಿಕೆಗೂ ಒಂದು ದರ ನಿಗದಿಯಾದಂತೆ ನನಗೆ ಕಂಡಿತು.

ಹಾಗೆಂದು ಹೆದರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. 2013ರ ಮಾರ್ಚ್‌ನಲ್ಲಿ ಅಮೆರಿಕದ ಭದ್ರತಾ ಇಲಾಖೆ ಆರು ಸೆಂಟಿಮೀಟರಿನ ಒಳಗಿನ ಸಣ್ಣ ಚಾಕುಗಳನ್ನು ಮತ್ತೆ ಬಿಡುತ್ತೇವೆ ಎಂದಾಗ ಮೊದಲು ಎದ್ದು ನಿಂತು ವಿರೋಧಿಸಿದವರಲ್ಲಿ ವಿಮಾನದ ಪರಿಚಾರಕಿಯರೇ ಇದ್ದರು. ಜೂನ್‌ನಲ್ಲಿ ಇಲಾಖೆ ಆ ಯೋಚನೆ ಕೈಬಿಟ್ಟಿತು. ಊಟ ಬಡಿಸುವವರ ಭಯ ಬಡಿಸುವವರಿಗೇ ಗೊತ್ತು.

ಕೊನೆಗೆ ಪ್ಲಾಸ್ಟಿಕ್ಕನ್ನು ಕದಲಿಸಿದ್ದು ಕಸ. ಬೇರೆ ದೇಶಗಳಿಂದ ಬಂದ ವಿಮಾನದ ಊಟದ ಶೇಷವನ್ನು ದನ-ಹಂದಿಗಳ ರೋಗ ಹರಡೀತೆಂದು ಯುರೋಪಿನ ದೇಶಗಳು ಸುಡುವುದೋ ಆಳವಾಗಿ ಹೂಳುವುದೋ ಮಾಡುತ್ತವೆ. ಅನ್ನ ಮೆತ್ತಿದ ಚಮಚವೂ ಅದರ ಜೊತೆಗೇ. 2021ರ ಜುಲೈ 3ರಿಂದ ಯುರೋಪ್ ಒಕ್ಕೂಟ, 2022ರ ಜುಲೈ 1ರಿಂದ ಭಾರತ, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚ, ಚಾಕುಗಳನ್ನು ನಿಷೇಧಿಸಿದವು.

ಮೂರನೆಯ ಚಮಚ ನನ್ನ ಕೈಗೆ ಬಂದದ್ದು 2024ರಲ್ಲಿ. ಅಕ್ಕನ ಮೊದಲ ಮಗಳ ಮದುವೆ. ಮುಂಬಯಿಗೆ ರೈಲು ಹಿಡಿಯುವ ಕಾಲ ಹೋಗಿ, ದೇವನಹಳ್ಳಿಯ ಎರಡನೆಯ ಟರ್ಮಿನಲ್‌ನಿಂದಲೇ ಹೊರಟೆ. ಅಲ್ಲಿ ತಲೆಯ ಮೇಲೆಲ್ಲ ಬಿದಿರಿನ ಚಾವಣಿ, ತೂಗುವ ಗಿಡಗಳು. ವಿಮಾನದಲ್ಲಿ ಊಟ ಬಂದಾಗ ಕಾಗದದ ಚೀಲದೊಳಗೆ ಮರದ ಚಮಚ! ಬಾಯಿಗಿಟ್ಟರೆ ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಮುಗಿಸಿ ಕಡ್ಡಿ ನೆಕ್ಕಿದ ರುಚಿ. ಪಕ್ಕದ ಸೀಟಿನ ಹುಡುಗ ಅದರಲ್ಲಿ ಪನೀರು ಕತ್ತರಿಸಲು ಹೋಗಿ ಚಮಚವನ್ನೇ ಮುರಿದುಕೊಂಡ. ನಾನು ನನ್ನದನ್ನು ಬದಿಗಿಟ್ಟು, ಕೈ ಒರೆಸಿಕೊಂಡು, ಅನ್ನ ಕಲಸಿದೆ. ಹುಡುಗ ಒಂದು ನಿಮಿಷ ನೋಡಿ, ತಾನೂ ಹಾಗೇ ಮಾಡಿದ.

ಅಮ್ಮ ಈಗಿಲ್ಲ. ಆ ಸ್ಟೀಲು ಚಮಚವನ್ನು 2002ರಲ್ಲಿ ಊರಿಗೆ ಮರಳಿದ ಮರುದಿನವೇ ಅವಳು ಗೂಡಿನಿಂದ ಕಾಫಿಪುಡಿ ಡಬ್ಬಿಗೆ ಹಾಕಿದಳು. "ಕೊಟ್ಟವರೇ ಇಟ್ಟುಕೋ ಅಂದ ಮೇಲೆ ಇನ್ನು ನಮ್ಮದು" ಎಂದಿದ್ದಳು. ಅದರಲ್ಲಿ ಒಂದೂವರೆ ಚಮಚ ಪುಡಿ ಹಾಕಿದರೆ ಇಬ್ಬರಿಗೆ ಕಾಫಿ ಸರಿಯಾಗುತ್ತದೆ. ಕದ್ದದ್ದಾ ಎಂದು ಕೇಳುವ ನೆಂಟರಿಗೆ ಮೊದಲು ಆ ಕಾಫಿ ಕೊಡುತ್ತೇನೆ, ಆಮೇಲೆ ಹೇಳುತ್ತೇನೆ: ಕದ್ದದ್ದಲ್ಲ, ಹಿಂದಿರುಗಿಸಲು ಹೋಗಿದ್ದೆವು, ಅಷ್ಟರಲ್ಲಿ ಅದನ್ನು ಇಟ್ಟುಕೊಳ್ಳುವವರೇ ಇರಲಿಲ್ಲ.