ಹೆಸರಿಲ್ಲದ ಸೆರೆಯಾಳುಗಳನ್ನು ಅರಸಿ

ಬೇಸಗೆಯ ರಜೆ ಬಂತೆಂದರೆ ಉಪಾಧ್ಯಾಯರಾದವರು ತೀರ್ಥಯಾತ್ರೆಗೋ ಮಕ್ಕಳ ಮನೆಗೋ ಹೊರಡುವುದು ವಾಡಿಕೆ. ಕಳೆದ ರಜೆಯಲ್ಲಿ ನಾನು ಕೈಗೊಂಡ ಐದು ದಿನಗಳ ಪ್ರವಾಸ ಇವೆರಡಕ್ಕೂ ಸೇರಿದ್ದಲ್ಲ. ತಾಳವಾಡಿಯಿಂದ ಹೊರಟು ಕೋಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೆಲವು ಊರುಗಳನ್ನು ಸುತ್ತಿ ಬಂದೆನು. ನಾನು ಅರಸಿ ಹೊರಟದ್ದು ಒಬ್ಬ ಮನುಷ್ಯನನ್ನು. ಆತ ಊರು ಬಿಟ್ಟು ತೊಂಬತ್ತು ವರ್ಷಗಳಾಗುತ್ತ ಬಂದಿವೆ.

ಆತ ನನ್ನ ತಂದೆಯ ಅಣ್ಣ, ನನಗೆ ದೊಡ್ಡಪ್ಪ. ನಮ್ಮದು ಭವಾನಿ ನದಿಯ ದಂಡೆಯಲ್ಲಿ, ಸಿರುಮುಗೈ ಬಳಿ ನೆಲೆಸಿದ ಕನ್ನಡ ನೇಕಾರರ ಮನೆತನ. ಮಗ್ಗ ನಂಬಿ ಬದುಕುವುದು ಕಷ್ಟವಾದಾಗ, 1936ರಲ್ಲಿ, ದೊಡ್ಡಪ್ಪ ಮಲಯದ ರಬ್ಬರ್ ತೋಟಕ್ಕೆ ಹೊರಟರು. ಆಗ ನನ್ನ ತಂದೆ ಎರಡು ವರ್ಷದ ಕೂಸು. ಮೊದಮೊದಲು ಮನಿಯಾರ್ಡರು ಬರುತ್ತಿತ್ತು, ಕಾಗದ ಬರುತ್ತಿತ್ತು. 1941ರ ದೀಪಾವಳಿಯ ಬಳಿಕ ಎರಡೂ ನಿಂತವು. ಯುದ್ಧ ಮುಗಿದು ಹಿಂದಿರುಗಿದ ಒಬ್ಬಾತ ನಮ್ಮ ಅಜ್ಜಿಯ ಮುಂದೆ ಒಂದೇ ಮಾತು ಹೇಳಿ ಹೋದನಂತೆ: “ಜಪಾನಿನವರು ಸಯಾಮಿಗೆ ರೈಲುದಾರಿ ಹಾಕಲು ಕರೆದುಕೊಂಡು ಹೋದರು.” ದೊಡ್ಡಮ್ಮ ಹಣೆಯ ಕುಂಕುಮ ಅಳಿಸಲಿಲ್ಲ. 1983ರಲ್ಲಿ ಮುತ್ತೈದೆಯಾಗಿಯೇ ಕಣ್ಣು ಮುಚ್ಚಿದರು. ಈಗ ತೊಂಬತ್ತು ದಾಟಿದ ನನ್ನ ತಂದೆಗೆ ಒಂದೇ ಕೊರಗು: “ಅಣ್ಣ ಹೋದ ತಿಥಿ ಯಾವುದೆಂದು ತಿಳಿದರೆ ಒಂದು ವರ್ಷವಾದರೂ ಎಡೆ ಇಡುತ್ತಿದ್ದೆ.”

ಹಾಗಾಗಿ ಹೊರಟೆನು. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಸಿರುಮುಗೈ ಸೇರುವಾಗ ಮಧ್ಯಾಹ್ನವಾಗಿತ್ತು. ಬೀದಿಯಲ್ಲಿ ಕಾಲಿಟ್ಟೊಡನೆ ಕಿವಿಗೆ ಬೀಳುವುದು ಮಗ್ಗದ ಸದ್ದು. ಮನೆಯೊಳಗೆ ಹೊಕ್ಕರೆ ತಮಿಳಿನ ನಡುವೆ ಹರಿಯುವ ನಮ್ಮದೇ ಹಳೆಯ ಕನ್ನಡ. ಬಂಧುಗಳ ಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಅದರಲ್ಲಿ ಗೆದ್ದಲು ಬಿಟ್ಟು ಉಳಿಸಿದ ಮೂರು ಮನಿಯಾರ್ಡರು ಚೀಟಿಗಳು, ಮಡಿಕೆಯಲ್ಲೇ ಹರಿದ ಒಂದು ಕಾಗದ. ಪೆರಾಕ್ ಸೀಮೆಯ ಒಂದು ತೋಟದ ಹೆಸರು ಮಾತ್ರ ಓದುವಂತಿತ್ತು. ಆ ಮನೆಯ ಹಿರಿಯಜ್ಜಿ, “ಅವನನ್ನು ನಾವು ಕಪ್ಪಲು ಮಾವ ಅನ್ನುತ್ತಿದ್ದೆವು. ನಾಗಪಟ್ಟಣದಲ್ಲಿ ಹಡಗು ಹತ್ತಿದ. ಹಡಗಿನ ಹೆಸರು ರಜೂಲಾ” ಎಂದರು. ಮುಖ ನೆನಪಿಲ್ಲ, ಹಡಗಿನ ಹೆಸರು ನೆನಪಿದೆ! ಮದ್ರಾಸು, ನಾಗಪಟ್ಟಣಗಳಿಂದ ಪಿನಾಂಗು, ಸಿಂಗಪುರಗಳಿಗೆ ದಶಕಗಳ ಕಾಲ ಓಡಾಡಿದ ಹಡಗು ಅದು. ನಮ್ಮ ಸೀಮೆಯ ಎಷ್ಟು ಮನೆಗಳ ಕಣ್ಣೀರು ಅದರ ಹೆಸರಿನೊಡನೆ ಬೆರೆತಿದೆಯೋ!

ಮರುದಿನ ಕೋಯಮತ್ತೂರಿಗೆ ಬಂದೆನು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ತೆರೆದು ತೋರಿಸಿದನು. ಯುದ್ಧದಲ್ಲಿ ಮಡಿದ ಸೈನಿಕರ ಹೆಸರು, ದಳ, ಮರಣದ ದಿನ ಅದರಲ್ಲಿವೆ; ಅನೇಕ ಭಾರತೀಯರ ಹೆಸರಿನ ಮುಂದೆ ತಂದೆಯ ಹೆಸರು, ಊರು, ಜಿಲ್ಲೆಗಳೂ ಇವೆ. ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ಆ ಪಟ್ಟಿಯಲ್ಲಿರುವುದು ಅಂದಿನ ಜಿಲ್ಲೆಗಳು. ತಿರುಪ್ಪೂರು ಜಿಲ್ಲೆ ಹುಟ್ಟಿದ್ದು 2009ರಲ್ಲಿ, ಈರೋಡು ಬೇರೆಯಾದದ್ದು 1979ರಲ್ಲಿ. ಕೊಳ್ಳೇಗಾಲವಂತೂ 1956ರ ಭಾಷಾವಾರು ವಿಂಗಡಣೆಯವರೆಗೆ ಕೋಯಮತ್ತೂರಿಗೇ ಸೇರಿತ್ತು. ಆದ್ದರಿಂದ ಅವಿನಾಶಿಯವನನ್ನೂ ಕೊಳ್ಳೇಗಾಲದವನನ್ನೂ ‘ಕೋಯಮತ್ತೂರು’ ಎಂಬ ಒಂದೇ ಹೆಸರಿನಡಿ ಹುಡುಕಬೇಕು.

ಸಂಜೆಯವರೆಗೆ ಹುಡುಕಿದೆವು. ದೊಡ್ಡಪ್ಪನ ಹೆಸರು ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅವರು ಸೈನಿಕರಲ್ಲ, ಕೂಲಿ.

ಈ ಭೇದವನ್ನು ಸ್ವಲ್ಪ ವಿವರಿಸಬೇಕು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಎರಡು ದಿನಗಳ ಬಳಿಕ ಅಲ್ಲಿನ ಫೆರರ್ ಪಾರ್ಕ್ ಮೈದಾನದಲ್ಲಿ ಸುಮಾರು 40,000 ಭಾರತೀಯ ಸೈನಿಕರನ್ನು ಒಟ್ಟುಗೂಡಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಮೈಸೂರು ಸಂಸ್ಥಾನದ ಕಾಲಾಳು ಪಡೆಯವರೂ ಅಂದು ಸೆರೆಯಾದವರಲ್ಲಿದ್ದರು. ಹಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದೆ ಉಳಿದವರಲ್ಲಿ ಸಾವಿರಾರು ಮಂದಿಯನ್ನು ಹಡಗುಗಳಲ್ಲಿ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ ಮುಂತಾದ ದ್ವೀಪಗಳಿಗೆ ದುಡಿಸಲು ಸಾಗಿಸಿದರು. ಮಡಿದವರು ಮಡಿದರೂ ಅವರಿಗೊಂದು ನಂಬರು, ಒಂದು ದಾಖಲೆ ಇತ್ತು. ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿ ಸಮಾಧಿ ದೊರೆಯದ 24,000ಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಕೆತ್ತಿದ್ದಾರೆ.

ತೋಟದ ಕೂಲಿಗಳ ಕಥೆ ಬೇರೆ. ಯುದ್ಧದಿಂದ ರಬ್ಬರಿನ ವ್ಯಾಪಾರ ನಿಂತಿತು, ಕೂಲಿ ನಿಂತಿತು, ಅಕ್ಕಿ ಅಭಾವವಾಯಿತು. ಆಗ ಜಪಾನೀಯರು ಸಯಾಮಿನಿಂದ ಬರ್ಮಾಕ್ಕೆ 415 ಕಿಲೋಮೀಟರು ರೈಲುದಾರಿ ಹಾಕಲು ಆಳುಗಳನ್ನು ಕೂಡಿಸಿದರು. ಮೊದಲು ಒಳ್ಳೆಯ ಕೂಲಿಯ ಆಸೆ ತೋರಿಸಿದರು. ಆಸೆಗೆ ಬಾರದವರನ್ನು ಬಲಾತ್ಕಾರದಿಂದ ಒಯ್ದರು. 1942ರ ನಡುವಿನಲ್ಲಿ ಆರಂಭವಾದ ಕೆಲಸ 1943ರ ಅಕ್ಟೋಬರಿನಲ್ಲಿ ಮುಗಿಯಿತು. ಅಲ್ಲಿ ದುಡಿದ ಬಿಳಿಯ ಸೆರೆಯಾಳುಗಳು 60,000ಕ್ಕೂ ಹೆಚ್ಚು. ಸತ್ತವರು 12,000ಕ್ಕೂ ಹೆಚ್ಚು. ತಮಿಳು, ಬರ್ಮಿ, ಮಲಯ, ಜಾವಾ ಕೂಲಿಗಳು ಸುಮಾರು ಎರಡು ಲಕ್ಷ. ಅವರಲ್ಲಿ ಸತ್ತವರನ್ನು ಯಾರೂ ಎಣಿಸಿ ಬರೆಯಲಿಲ್ಲ. ಎಂಬತ್ತು ತೊಂಬತ್ತು ಸಾವಿರವಿದ್ದೀತೆಂಬುದು ಅಂದಾಜು. ಸೆರೆಯ ಸೈನಿಕರ ಜೊತೆ ಅವರದೇ ವೈದ್ಯರಿದ್ದರು, ಶಿಸ್ತು ಇತ್ತು, ನೀರು ಕಾಯಿಸಿ ಕುಡಿಯಬೇಕೆಂಬ ಕಟ್ಟಳೆ ಇತ್ತು. ಕೂಲಿಗಳಿಗೆ ಇದಾವುದೂ ಇರಲಿಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಇಡೀ ಬಿಡಾರಗಳೇ ಬರಿದಾದವು. ಕಾಂಚನಬುರಿಯ ಯುದ್ಧ ಶ್ಮಶಾನದಲ್ಲಿ ಸುಮಾರು 7,000 ಸೈನಿಕರ ಸಮಾಧಿಗಳು ಸಾಲಾಗಿ, ಹೂಗಿಡಗಳ ನಡುವೆ ಇವೆ. ಕೂಲಿಗಳು ಕಾಡಿನ ಮಣ್ಣಿನಲ್ಲಿ ಮಣ್ಣಾದರು. 2023ರಲ್ಲಿ, ಎಂಬತ್ತು ವರ್ಷಗಳ ಅನಂತರ, ಅದೇ ಊರಿನ ಒಂದು ಬೌದ್ಧ ವಿಹಾರದಲ್ಲಿ ತಮಿಳು ಕೂಲಿಗಳ ನೆನಪಿಗೆ ಒಂದು ವೀರಗಲ್ಲು ನೆಟ್ಟರು.

ಮೂರನೆಯ ದಿನ ಅವಿನಾಶಿಯ ಬಳಿಯ ಒಂದು ಹಳ್ಳಿಗೆ ಹೋದೆನು. ಅಲ್ಲಿನ ಒಕ್ಕಲು ಮನೆಯ ಯಜಮಾನರ ತಂದೆ ಸಿಂಗಪುರದಲ್ಲಿ ಸೆರೆಯಾಗಿ, ದ್ವೀಪಗಳಿಗೆ ಹೋಗಿ, ಬದುಕಿ ಬಂದವರೆಂದು ಕೇಳಿದ್ದೆನು. ಎಪ್ಪತ್ತೈದರ ಆ ಹಿರಿಯರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಹೇಳಿದರು: “ಅಪ್ಪ ತಟ್ಟೆಯಲ್ಲಿ ಒಂದಗುಳು ಬಿಡಲು ಒಪ್ಪುತ್ತಿರಲಿಲ್ಲ. ರಾತ್ರಿ ಯಾರಾದರೂ ಬೂಟುಗಾಲಿನಲ್ಲಿ ನಡೆದರೆ ಎದ್ದು ಕೂರುತ್ತಿದ್ದರು. ಅಷ್ಟೇ ನನಗೆ ಗೊತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.”

ಈ ಕೊನೆಯ ಮಾತು ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಹೇಳಿದವರೂ ಉಂಟು. ಮಂಗಳೂರು ಬಳಿಯ ಕಿನ್ನಿಗೋಳಿಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ ಸಿಂಗಪುರದಲ್ಲಿ ಸೆರೆಯಾಗಿ ನ್ಯೂಬ್ರಿಟನ್ನಿನ ರಬೌಲಿಗೆ ಸಾಗಿಸಲ್ಪಟ್ಟವರು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ತಾವು ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರು. ಆ ಬರಹ ಅರ್ಧ ಶತಮಾನ ಕಾಲ ಮನೆಯಲ್ಲೇ ಇತ್ತು. 1990ರ ದಶಕದ ಕೊನೆಗೆ ಅವರ ಮಗ, ಲೇಖಕ ರಿಚರ್ಡ್ ಕ್ರಾಸ್ತಾ, ಅಚ್ಚು ಮಾಡಿಸಿದರು. ಆ ದ್ವೀಪಗಳ ಭಾರತೀಯ ಸೆರೆಯಾಳುಗಳ ಬಾಳು ಹೇಗಿತ್ತೆಂದು ಅಲ್ಲಿದ್ದವರ ಮಾತಿನಲ್ಲೇ ತಿಳಿಯಲು ಇರುವ ಅತಿ ವಿರಳ ಆಧಾರಗಳಲ್ಲಿ ಅದೊಂದು. ಒಬ್ಬ ಮನುಷ್ಯ ಬರೆದಿಟ್ಟರು, ಒಬ್ಬ ಮಗ ಪೆಟ್ಟಿಗೆ ತೆರೆದರು. ಇಷ್ಟು ಆಗದಿದ್ದರೆ ಅದೂ ಅಳಿದುಹೋಗುತ್ತಿತ್ತು.

ಹಿಂದಿರುಗುವ ಮುನ್ನ ತಿರುಪ್ಪೂರಿನ ರೈಲು ನಿಲ್ದಾಣಕ್ಕೆ ಹೋದೆನು. ಸನಿಹದಲ್ಲೇ, 1932ರಲ್ಲಿ ಧ್ವಜ ಬಿಡದೆ ಪ್ರಾಣಬಿಟ್ಟ ತಿರುಪ್ಪೂರು ಕುಮಾರನ ಸ್ಮಾರಕವಿದೆ. ಬನಿಯನ್ ಗಂಟುಗಳ ನಡುವೆ, ಬಿಹಾರ ಒಡಿಶಾಗಳಿಂದ ಬಂದಿಳಿಯುವ ಹುಡುಗರ ನೂಕುನುಗ್ಗಲಿನಲ್ಲಿ ಸ್ವಲ್ಪ ಹೊತ್ತು ನಿಂತೆನು. ತಗಡಿನ ಪೆಟ್ಟಿಗೆಯ ಬದಲು ಬೆನ್ನುಚೀಲ. ಉಳಿದಂತೆ ಇಂಥ ವಯಸ್ಸಿನಲ್ಲೇ, ಇಂಥ ಮುಖದಲ್ಲೇ ದೊಡ್ಡಪ್ಪ ರೈಲು ಹತ್ತಿರಬೇಕು ಎನಿಸಿತು. ಕುಮಾರನ ಹೆಸರು ಕಲ್ಲಿನಲ್ಲಿದೆ. ದೊಡ್ಡಪ್ಪನ ಹೆಸರು ಮೂರು ಚೀಟಿಗಳಲ್ಲಿದೆ.

ಮನೆಗೆ ಬಂದು ತಂದೆಗೆ ಎಲ್ಲವನ್ನೂ ಹೇಳಿದೆನು. ತಿಥಿ ತಿಳಿಯದೆಂದೂ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆ ರೈಲು ಈಗಲೂ ಓಡುತ್ತದೆಯೇ?” ಎಂದು ಕೇಳಿದರು. ಥಾಯ್ಲೆಂಡಿನ ಕಡೆ ನಾಮ್ ತೋಕ್ ಎಂಬ ಊರಿನವರೆಗೆ ಇನ್ನೂ ಓಡುತ್ತದೆ ಎಂದೆನು. “ಹಾಗಾದರೆ ಅವನ ಕೆಲಸ ಉಳಿದಿದೆ” ಎಂದರು. ತಿಥಿ ತಿಳಿಯದವರಿಗೆಲ್ಲ ಮಹಾಲಯ ಅಮಾವಾಸ್ಯೆಯುಂಟಲ್ಲ. ಆ ದಿನ ಮೊದಲ ಬಾರಿಗೆ ದೊಡ್ಡಪ್ಪನ ಹೆಸರು ಹಿಡಿದು ಎಡೆ ಇಟ್ಟೆವು.

ಗಡಿಯಾಚೆಯ, ಈಚೆಯ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲೂ ‘ಮಲಯಕ್ಕೆ ಹೋಗಿ ಬಾರದವರು’ ಒಬ್ಬರಿರಬಹುದು. ಅಟ್ಟದ ಪೆಟ್ಟಿಗೆ ತೆರೆಯಿರಿ. ಮನಿಯಾರ್ಡರು ಚೀಟಿ, ತೋಟದ ಹೆಸರು, ಹಡಗಿನ ಹೆಸರು, ಸೈನ್ಯದ ನಂಬರು ಏನು ಸಿಕ್ಕರೂ ಎಸೆಯಬೇಡಿರಿ. ಮನೆಯ ಹಿರಿಯರನ್ನು ಇಂದೇ ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಸೈನಿಕರ ಹೆಸರನ್ನು ಸರಕಾರಗಳು ಕಾಪಾಡಿವೆ. ಕೂಲಿಗಳ ಹೆಸರನ್ನು ಕಾಪಾಡಲು ಇರುವವರು ನಾವು ಮಾತ್ರ.